ಬೇಲ್ ಹೊರಡದ ವರ್ಷಗಳು

"ರಾಜ ತೈಮಾದಲ್ಲಿದ್ದ. ನಿಸಾನು ತಿಂಗಳಲ್ಲಿ ರಾಜ ಬ್ಯಾಬಿಲೋನಿಗೆ ಬರಲಿಲ್ಲ. ನಬು ಬ್ಯಾಬಿಲೋನಿಗೆ ಬರಲಿಲ್ಲ. ಬೇಲ್ ಹೊರಡಲಿಲ್ಲ. ಅಕೀತು ನಡೆಯಲಿಲ್ಲ."

ಇದು ಈಗಿನ ಇರಾಕಿನಲ್ಲಿದ್ದ ಬ್ಯಾಬಿಲೋನ್ ಪಟ್ಟಣದ ಒಂದು ಮಣ್ಣಿನ ಫಲಕದಲ್ಲಿರುವ ಮಾತು. ನಬೊನಿದುಸ್ ಅನ್ನುವ ಕೊನೆಯ ಬ್ಯಾಬಿಲೋನಿಯನ್ ದೊರೆ ಕ್ರಿ.ಪೂ. 556ರಿಂದ 539ರವರೆಗೆ ಆಳಿದ. ಅದರಲ್ಲಿ ಸುಮಾರು ಹತ್ತು ವರ್ಷ ಅರೇಬಿಯಾದ ಮರುಭೂಮಿಯ ತೈಮಾ ಊರಿನಲ್ಲಿ ಉಳಿದುಬಿಟ್ಟ. ಅವನ ಕಾಲದ ಘಟನೆಗಳನ್ನು ವರ್ಷವರ್ಷಕ್ಕೂ ಬರೆದಿಟ್ಟ ಲಿಪಿಕಾರರು ಏಳನೇ ವರ್ಷದ ಕೆಳಗೆ ಈ ಸಾಲುಗಳನ್ನು ಬರೆದರು. ಒಂಬತ್ತನೇ ವರ್ಷದ ಕೆಳಗೆ ಮತ್ತೆ ಅದೇ. ಹತ್ತು, ಹನ್ನೊಂದರ ಕೆಳಗೂ ಅದೇ. ಅಳುವಿಲ್ಲ, ಬೈಗುಳವಿಲ್ಲ. ನಡೆಯಬೇಕಾದ್ದು ನಡೆಯಲಿಲ್ಲ, ಅಷ್ಟೇ.

ಈ ಸಾಲುಗಳನ್ನು ಮೊದಲು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ಎಸಗಿಲ ಮತ್ತು ಎಜಿದ ದೇಗುಲಗಳಲ್ಲಿ ದೇವರಿಗೆ ನೈವೇದ್ಯ ಎಂದಿನಂತೆ ಸಂದಿತು ಅಂತ ಅದೇ ಫಲಕ ಹೇಳುತ್ತದೆ. ಅಂದರೆ ದಿನದ ಪೂಜೆ ನಿಂತಿರಲಿಲ್ಲ. ಯುವರಾಜ ಬೆಲ್‌ಶಜ್ಜರ್ ಊರಲ್ಲೇ ಇದ್ದ, ಆಡಳಿತ ನಡೆಸುತ್ತಿದ್ದ. ಆದರೂ ಅಕೀತು ಅನ್ನುವ ವರ್ಷದ ಹಬ್ಬ ಮಾತ್ರ ನಡೆಯಲಿಲ್ಲ. ಯುವರಾಜನಿದ್ದೂ ಅದು ನಡೆಯಲಿಲ್ಲ. ಆ ಜಾಗದಲ್ಲಿ ರಾಜನೇ ನಿಲ್ಲಬೇಕಿತ್ತು. ಯಾಕೆ? ಈ ಪ್ರಶ್ನೆ ಹಿಡಿದು ಹೊರಟರೆ ಆ ಇಡೀ ಧರ್ಮದ ಒಳಮನೆಗೇ ಹೋಗಿ ಸೇರುತ್ತೇವೆ.

ಮೊದಲು ಇಷ್ಟು ತಿಳಿದಿರಲಿ. ಮರ್ದುಕ್ ಬ್ಯಾಬಿಲೋನಿನ ದೇವರು. ಜನ ಅವನನ್ನು ಬೇಲ್, ಅಂದರೆ ಒಡೆಯ, ಅಂತ ಕರೆಯುತ್ತಿದ್ದರು. ಅವನ ದೇಗುಲ ಎಸಗಿಲ. ಪಕ್ಕದಲ್ಲೇ ಎತೆಮೆನಂಕಿ ಅನ್ನುವ ಮೆಟ್ಟಿಲು ಗೋಪುರ. ನಬು ಅವನ ಮಗ, ಬರಹದ ದೇವರು. ಬ್ಯಾಬಿಲೋನಿನಿಂದ ಸುಮಾರು 18 ಕಿಲೋಮೀಟರ್ ದೂರದ ಬೋರ್ಸಿಪ್ಪ ಅವನ ಊರು, ಎಜಿದ ಅವನ ಮನೆ. ಜರ್ಮನಿಯ ರಾಬರ್ಟ್ ಕೋಲ್ಡೆವೈ 1899ರಲ್ಲಿ ಅಗೆಯಲು ಶುರು ಮಾಡಿದಾಗ ಎಸಗಿಲ ಸುಮಾರು ಇಪ್ಪತ್ತು ಮೀಟರ್ ಮಣ್ಣಿನ ಕೆಳಗಿತ್ತು.

ದೇವರು ದೇಗುಲದಲ್ಲಿ ವಾಸವಾಗಿದ್ದಾನೆ ಅಂತ ಅವರು ನಂಬಿದ್ದರು. ಇದನ್ನು ಸುಮ್ನೆ ಮಾತಿಗೆ ಹೇಳಿದ್ದಲ್ಲ. ದೇವರಿಗೆ ಹಸಿವಾಗುತ್ತದೆ, ಬಟ್ಟೆ ಬೇಕು, ನಿದ್ದೆ ಬೇಕು, ಹೆಂಡತಿ ಮಕ್ಕಳಿದ್ದಾರೆ, ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಎದ್ದು ಹೋಗಿಬಿಡಬಹುದು. ನನಗೆ ಆ ಧರ್ಮದ ಕೀಲಿಕೈ ಸಿಕ್ಕಿದ್ದು ಈ ಕೊನೆಯ ಮಾತಿನಲ್ಲಿ. ದೇವರು ಊರು ಬಿಟ್ಟು ಹೋಗಬಹುದು ಅನ್ನುವ ಭಯ ಅವರ ಪ್ರತಿ ಆಚರಣೆಯ ಹಿಂದೆಯೂ ಇದೆ.

ಉರುಕ್ ಊರಿನ ಒಂದು ಫಲಕ ಇದೆ. ಗ್ರೀಕರು ಆ ನಾಡನ್ನು ಆಳುತ್ತಿದ್ದ ಕಾಲದ್ದು. ಅನು, ಅಂತು, ಇಷ್ಟಾರ್, ನನಾಯ ಮುಂತಾದ ದೇವರಿಗೆ ದಿನವೂ ಏನೇನು ಬಡಿಸಬೇಕು ಅನ್ನುವ ಪಟ್ಟಿ. ದಿನಕ್ಕೆ ನಾಲ್ಕು ಊಟ. ಬೆಳಗ್ಗೆ ಒಂದು ದೊಡ್ಡದು, ಒಂದು ಚಿಕ್ಕದು, ಸಂಜೆಯೂ ಹಾಗೇ. ಚಿನ್ನದ ಪಾತ್ರೆಗಳಲ್ಲಿ ಬಗೆಬಗೆಯ ಬಿಯರು. ಬೆಳಗಿನ ಊಟಕ್ಕೆ ಬಿಳಿಗಲ್ಲಿನ ಪಾತ್ರೆಯಲ್ಲಿ ಹಾಲು, ಸಂಜೆಗೆ ಹಾಲಿಲ್ಲ. ಬಾರ್ಲಿ ತಿಂದು ಕೊಬ್ಬಿದ ಎರಡು ವರ್ಷದ ಕುರಿ, ಹಾಲು ಕುಡಿಯುವ ಮರಿ, ಎತ್ತು, ಬಾತುಕೋಳಿ, ಮೊಟ್ಟೆ, ಖರ್ಜೂರ, ರೊಟ್ಟಿಗಳ ರಾಶಿ. ಹಿಟ್ಟು ಬೀಸುವವನು ಬೀಸುವಾಗ ಹೇಳಬೇಕಾದ ಮಾತಿದೆ, ರೊಟ್ಟಿ ಸುಡುವವನಿಗೆ ಬೇರೆ ಮಾತಿದೆ, ಕುರಿ ಕಡಿಯುವವನಿಗೆ ಇನ್ನೊಂದಿದೆ. ಅಡುಗೆಮನೆಯ ಪ್ರತಿ ಕೈಕೆಲಸವೂ ಮಂತ್ರದೊಳಗೇ ನಡೆಯುತ್ತಿತ್ತು.

ಕೆಲಸ ಮಾಡುವ ಹಕ್ಕು ಮನೆತನಗಳಿಗೆ ಸೇರಿತ್ತು. ದೇವರಿಗೆ ರೊಟ್ಟಿ ಮಾಡುವ ಸರದಿ, ಬಿಯರು ಇಳಿಸುವ ಸರದಿ, ಮಾಂಸ ಕಡಿಯುವ ಸರದಿ. ಅಪ್ಪನಿಂದ ಮಕ್ಕಳಿಗೆ ಪಾಲಾಗಿ ಪಾಲಾಗಿ, ಕೊನೆಗೆ ಒಂದು ದಿನದ ಇಷ್ಟನೇ ಒಂದು ಭಾಗ ನನ್ನದು ಅಂತ ಪತ್ರ ಬರೆದುಕೊಳ್ಳುವಷ್ಟು ಸಣ್ಣದಾಗಿ ಹೋಗಿತ್ತು. ಅದನ್ನು ಮಾರುವುದಿತ್ತು, ಕೊಳ್ಳುವುದಿತ್ತು, ಮಗಳ ಮದುವೆಗೆ ಕೊಡುವುದಿತ್ತು. ಬೋರ್ಸಿಪ್ಪ, ಉರುಕ್, ಸಿಪ್ಪರ್‌ಗಳಲ್ಲಿ ಇಂಥ ಪತ್ರಗಳು ರಾಶಿಗಟ್ಟಲೆ ಸಿಕ್ಕಿವೆ. ಆ ಹಕ್ಕು ಇದ್ದವನಿಗೆ ನೈವೇದ್ಯದಲ್ಲಿ ಪಾಲು ಬರುತ್ತಿತ್ತು.

ಬೈಬಲ್ಲಿನ ಗ್ರೀಕ್ ಪಾಠದಲ್ಲಿ ದಾನಿಯೇಲನ ಒಂದು ಕತೆ ಬರುತ್ತದೆ. ಬೇಲ್ ದೇವರೇ ಊಟ ಮಾಡುತ್ತಾನೆ ಅಂತ ರಾಜ ನಂಬಿರುತ್ತಾನೆ. ದಾನಿಯೇಲ ರಾತ್ರಿ ನೆಲಕ್ಕೆ ಬೂದಿ ಉದುರಿಸಿ, ಬೆಳಗ್ಗೆ ಅರ್ಚಕರ, ಅವರ ಹೆಂಡಿರು ಮಕ್ಕಳ ಹೆಜ್ಜೆ ಗುರುತು ತೋರಿಸುತ್ತಾನೆ. ಅವರು ಗುಟ್ಟಾಗಿ ಬಂದು ತಿನ್ನುತ್ತಿದ್ದರು ಅನ್ನುವುದು ಕತೆಯ ಹುರುಳು. ಆದರೆ ಬ್ಯಾಬಿಲೋನಿಯದಲ್ಲಿ ಅದು ಗುಟ್ಟೇ ಆಗಿರಲಿಲ್ಲ. ಯಾರಿಗೆ ಯಾವ ತುಂಡು ಅನ್ನುವುದು ಕಲ್ಲಿನ ಮೇಲೂ ಮಣ್ಣಿನ ಮೇಲೂ ಸಾಕ್ಷಿಗಳ ಹೆಸರಿನೊಂದಿಗೆ ಬರೆದಿತ್ತು. ದೇವರು ನೋಡಿ ತೃಪ್ತಿಪಟ್ಟ ಮೇಲೆ ಉಳಿದದ್ದು ರಾಜನಿಗೂ ಹೋಗುತ್ತಿತ್ತು, ಅರ್ಚಕರಿಗೂ ಹೋಗುತ್ತಿತ್ತು. ನೈವೇದ್ಯ ಗೊತ್ತಿರುವ ನಮ್ಮಂಥ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಹಾಗಂತ ಹೋಲಿಕೆ ಕಂಡಲ್ಲೆಲ್ಲ ನಂಟು ಕಟ್ಟುವುದು ನನಗೆ ಇಷ್ಟವಿಲ್ಲ. ಅವರ ದೇಗುಲದ ಒಳಗೆ ಸಾಮಾನ್ಯ ಜನರಿಗೆ ದರ್ಶನ ಇರಲಿಲ್ಲ. ಗರ್ಭಗುಡಿಯವರೆಗೆ ಹೋಗುವವರು ತಲೆ ಬೋಳಿಸಿಕೊಂಡು, ಮೈ ತೊಳೆದುಕೊಂಡು, ಹಕ್ಕು ಪಡೆದು ಬಂದ ಕೆಲವೇ ಮಂದಿ. ಉಳಿದವರು ದೇವರನ್ನು ಕಾಣಬೇಕಾದರೆ ದೇವರೇ ಹೊರಗೆ ಬರಬೇಕಿತ್ತು. ಹಾಗಾಗಿ "ಬೇಲ್ ಹೊರಡಲಿಲ್ಲ" ಅನ್ನುವುದು ಒಂದು ಇಡೀ ಊರಿಗೆ ತಟ್ಟುವ ಮಾತು.

ಮೂರ್ತಿಯ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಮರದ ಮೈಗೆ ಚಿನ್ನ ಹೊದಿಸಿ, ಕಲ್ಲು ಕೂರಿಸಿ ಮೂರ್ತಿ ಮಾಡಿದ ಮೇಲೆ ಬಾಯಿ ತೊಳೆಯುವ ವಿಧಿ ನಡೆಯುತ್ತಿತ್ತು. ಕಮ್ಮಟದಿಂದ ನದಿಯ ದಂಡೆಗೆ, ಅಲ್ಲಿಂದ ತೋಟಕ್ಕೆ, ರಾತ್ರಿಯಿಡೀ ನಕ್ಷತ್ರಗಳ ಕೆಳಗೆ, ಮರುದಿನ ದೇಗುಲಕ್ಕೆ. "ಬಾಯಿ ತೆರೆಯದಿದ್ದರೆ ಈ ಮೂರ್ತಿ ಧೂಪದ ವಾಸನೆ ಹಿಡಿಯದು, ಅನ್ನ ತಿನ್ನದು, ನೀರು ಕುಡಿಯದು" ಅನ್ನುತ್ತದೆ ಮಂತ್ರ. ಅದರಲ್ಲಿ ಒಂದು ಗಳಿಗೆ ಬರುತ್ತದೆ. ಮೂರ್ತಿ ಮಾಡಿದ ಕುಶಲಕರ್ಮಿಗಳ ಕೈಗಳನ್ನು ಬಟ್ಟೆಯಿಂದ ಕಟ್ಟಿ, ಮರದ ಕತ್ತಿಯಿಂದ ಕಡಿದಂತೆ ಮಾಡುತ್ತಾರೆ. ಅವರು ಆಣೆ ಇಡುತ್ತಾರೆ: ನಾನು ಮಾಡಲಿಲ್ಲ, ನನ್ನ ಕಸುಬಿನ ದೇವರು ಮಾಡಿದ. ತಿಂಗಳುಗಟ್ಟಲೆ ಬಡಿದು, ಉಜ್ಜಿ, ಬೆಸೆದ ಕೈ ಅದು. ಆ ಕೈಯ ಗುರುತು ಪೂರ್ತಿ ಅಳಿಸಿದ ಮೇಲೆ ಮಾತ್ರ ಅದು ದೇವರು. ಮನುಷ್ಯ ಮಾಡಿದ್ದನ್ನು ದೇವರು ಅಂತ ಪೂಜಿಸಿದರು ಅಂತ ಹೊರಗಿನವರು ಎಷ್ಟೋ ಸಲ ಹಂಗಿಸಿದ್ದಾರೆ. ಒಳಗಿದ್ದವರು ಆ ಪ್ರಶ್ನೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಅನ್ನುವುದಕ್ಕೆ ಈ ವಿಧಿಯೇ ಸಾಕ್ಷಿ.

ಮೂರ್ತಿ ಕಳೆದುಹೋದರೆ ಏನಾಗುತ್ತದೆ ಅನ್ನುವುದಕ್ಕೆ ಸಿಪ್ಪರ್ ಊರಿನ ಕತೆ ಇದೆ. ಅಲ್ಲಿನ ಸೂರ್ಯದೇವ ಶಮಾಶನ ಮೂರ್ತಿ ದಾಳಿಯಲ್ಲಿ ಹಾಳಾಯಿತು. ದೇವರ ರೂಪ ಹೇಗಿತ್ತು ಅಂತ ಹೇಳಬಲ್ಲವರೂ ಇಲ್ಲವಾದರು. ಹೊಸದನ್ನು ಮಾಡಲು ಯಾರೂ ಧೈರ್ಯ ಮಾಡಲಿಲ್ಲ. ತಮ್ಮ ಮನಸ್ಸಿಗೆ ಬಂದ ಹಾಗೆ ದೇವರನ್ನು ಕೆತ್ತುವುದು ಸಾಧ್ಯವಿರಲಿಲ್ಲ, ಅಲ್ವಾ? ಒಂದು ಸೂರ್ಯಬಿಂಬವನ್ನು ಮುಂದಿಟ್ಟು ಪೂಜೆ ನಡೆಸಿದರು. ನಡುವೆ ಬರಗಾಲದಲ್ಲಿ ಅದೂ ನಿಂತಿತು. ಕೊನೆಗೆ ಕ್ರಿ.ಪೂ. 9ನೇ ಶತಮಾನದಲ್ಲಿ, ನಬು-ಅಪ್ಲ-ಇದ್ದಿನ ದೊರೆಯ ಕಾಲದಲ್ಲಿ, ಯೂಫ್ರೆಟಿಸ್ ನದಿಯ ಪಶ್ಚಿಮ ದಡದಲ್ಲಿ ದೇವರ ರೂಪವಿದ್ದ ಒಂದು ಮಣ್ಣಿನ ಅಚ್ಚು ಸಿಕ್ಕಿತು. ಅದನ್ನು ನೋಡಿ ಚಿನ್ನ ಮತ್ತು ನೀಲಿ ಕಲ್ಲಿನಲ್ಲಿ ಮೂರ್ತಿ ಮಾಡಿ, ಬಾಯಿ ತೊಳೆದು, ಕೂರಿಸಿದರು. ಇದೆಲ್ಲ ಬರೆದ ಕಲ್ಲಿನ ಫಲಕ 1881ರಲ್ಲಿ ಹೊರ್ಮುಜ್ದ್ ರಸ್ಸಾಮ್ ಅವರಿಗೆ ಸಿಕ್ಕಿತು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಎರಡು ಶತಮಾನದ ಹತ್ತಿರ ಹತ್ತಿರ ಒಂದು ಊರು ತನ್ನ ದೇವರ ಮುಖಕ್ಕಾಗಿ ಕಾದಿತ್ತು.

ಇನ್ನು ಹಬ್ಬಕ್ಕೆ ಬರುತ್ತೇನೆ. ಅಕೀತು ಬ್ಯಾಬಿಲೋನಿಗಿಂತ ಹಳೆಯದು. ಕ್ರಿ.ಪೂ. 3ನೇ ಸಹಸ್ರಮಾನದಲ್ಲೇ ಊರ್ ಪಟ್ಟಣದಲ್ಲಿ ಚಂದ್ರದೇವ ನನ್ನನಿಗೆ ವರ್ಷಕ್ಕೆ ಎರಡು ಸಲ ಅಕೀತು ನಡೆಯುತ್ತಿತ್ತು. ಮೊದಲ ತಿಂಗಳಲ್ಲಿ ಒಂದು, ಏಳನೇ ತಿಂಗಳಲ್ಲಿ ಇನ್ನೊಂದು. ಬಾರ್ಲಿ ಕೊಯ್ಲಿಗೆ ಒಂದು, ಬಿತ್ತನೆಗೆ ಒಂದು. ಬ್ಯಾಬಿಲೋನಿನಲ್ಲಿ ವಸಂತದ ಅಕೀತು ದೊಡ್ಡದಾಯಿತು. ನಿಸಾನು ವರ್ಷದ ಮೊದಲ ತಿಂಗಳು, ನಮ್ಮ ಮಾರ್ಚ್–ಏಪ್ರಿಲ್. ಚಂದ್ರನ ತಿಂಗಳು ಋತುವಿನಿಂದ ಜಾರಿಹೋಗದಂತೆ ಅವರೂ ಅಧಿಕಮಾಸ ಸೇರಿಸುತ್ತಿದ್ದರು. "ಈ ವರ್ಷಕ್ಕೆ ಒಂದು ತಿಂಗಳು ಹೆಚ್ಚಿದೆ, ಮುಂದಿನ ತಿಂಗಳನ್ನು ಎರಡನೇ ಉಲೂಲು ಅಂತ ಬರೆದುಕೊಳ್ಳಿ" ಅಂತ ಹಮ್ಮುರಾಬಿ ದೊರೆ ಬರೆಸಿದ ಕಾಗದ ಉಳಿದಿದೆ. ಕಂದಾಯ ಮಾತ್ರ ಒಂದು ತಿಂಗಳು ತಡವಾಗುವಂತಿಲ್ಲ ಅಂತಲೂ ಅದರಲ್ಲೇ ಹೇಳಿದ್ದಾನೆ.

ಹಬ್ಬದ ದಿನಚರಿ ಇರುವ ಫಲಕಗಳನ್ನು ಫ್ರಾನ್ಸಿನ ಫ್ರಾಂಸ್ವಾ ತ್ಯುರೋ-ದಾಂಜಾಂ 1921ರಲ್ಲಿ ಪ್ರಕಟಿಸಿದರು. ಎರಡನೇ ದಿನ, ಇನ್ನೂ ಕತ್ತಲಿರುವಾಗಲೇ ಹಿರಿಯ ಅರ್ಚಕ ಎದ್ದು ನದಿ ನೀರಿನಲ್ಲಿ ಮೀಯುತ್ತಾನೆ. ಬೇಲ್ ಮುಂದಿನ ನಾರುಬಟ್ಟೆಯ ಪರದೆ ಸರಿಸಿ ಒಬ್ಬನೇ ಪ್ರಾರ್ಥನೆ ಮಾಡುತ್ತಾನೆ. ಆಮೇಲೆ ಬಾಗಿಲು ತೆರೆದು ಉಳಿದವರನ್ನು ಬಿಡುತ್ತಾನೆ. ಮೂರನೇ ದಿನ ಎರಡು ಪುಟ್ಟ ಗೊಂಬೆಗಳನ್ನು ಮಾಡಿಸುತ್ತಾರೆ, ಏಳು ಬೆರಳು ಎತ್ತರ, ಕೆಂಪು ಬಟ್ಟೆ. ಒಂದರ ಕೈಯಲ್ಲಿ ಹಾವು, ಇನ್ನೊಂದರ ಕೈಯಲ್ಲಿ ಚೇಳು. ಆರನೇ ದಿನ ನಬು ಬಂದಾಗ ಅವುಗಳ ತಲೆ ಹಾರಿಸಿ ಬೆಂಕಿಗೆ ಹಾಕುತ್ತಾರೆ. ನಾಲ್ಕನೇ ದಿನ ಸಂಜೆ ಹಿರಿಯ ಅರ್ಚಕ ಸೃಷ್ಟಿಯ ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ಬೇಲ್ ಮುಂದೆ ಹೇಳುತ್ತಾನೆ. ಮರ್ದುಕ್ ಕಡಲ ತಾಯಿ ತಿಯಾಮತಳನ್ನು ಸೀಳಿ ಆಕಾಶ ಭೂಮಿ ಮಾಡಿದ ಕತೆ ಅದು, ಏಳು ಫಲಕದಷ್ಟು ಉದ್ದ. ಕೇಳುವವನು ದೇವರೇ. ಅವನದೇ ಗೆಲುವನ್ನು ಅವನಿಗೇ ನೆನಪಿಸುವುದು.

ಐದನೇ ದಿನ ದೇಗುಲದ ಶುದ್ಧಿ. ಕುರಿಯ ತಲೆ ಕಡಿದು, ಅದರ ಮೈಯಿಂದ ನಬುವಿನ ಗುಡಿಯನ್ನು ಒರೆಸುತ್ತಾರೆ. ಒಳಗಿನ ದೋಷವೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ತಲೆ, ಮೈ ಎರಡೂ ನದಿಗೆ. ಒರೆಸಿದ ಮಂತ್ರವಾದಿ, ಕಡಿದವನು ಇಬ್ಬರೂ ಊರಾಚೆಯ ಬಯಲಿಗೆ ಹೋಗಬೇಕು. ನಬು ಬ್ಯಾಬಿಲೋನಿನಲ್ಲಿ ಇರುವಷ್ಟು ದಿನ, ಹನ್ನೆರಡನೇ ದಿನದವರೆಗೆ, ಅವರು ಊರೊಳಗೆ ಕಾಲಿಡುವಂತಿಲ್ಲ. ಹಿರಿಯ ಅರ್ಚಕ ಈ ಶುದ್ಧಿಯನ್ನು ಕಣ್ಣಿಂದ ನೋಡುವಂತೆಯೂ ಇಲ್ಲ. ನೋಡಿದರೆ ಮೈಲಿಗೆ. ಆ ಇಬ್ಬರ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಊರಿಗೆ ಊರೇ ಮೆರವಣಿಗೆ ನೋಡುವಾಗ ಊರಿನ ಕೊಳೆ ಹೊತ್ತವರು ಹೊರಗೆ ಕೂತಿರುತ್ತಾರೆ. ಅವರ ಹೆಸರುಗಳು ಯಾವ ಫಲಕದಲ್ಲೂ ಇಲ್ಲ.

ಅದೇ ದಿನ ರಾಜ ಬರುತ್ತಾನೆ. ಒಬ್ಬನೇ ಬೇಲ್ ಮುಂದೆ ಬರಬೇಕು. ಹಿರಿಯ ಅರ್ಚಕ ಅವನ ರಾಜದಂಡ, ಉಂಗುರ, ಗದೆ, ಕಿರೀಟ ಎಲ್ಲ ತೆಗೆದುಕೊಂಡು ದೇವರ ಮುಂದಿಡುತ್ತಾನೆ. ಬಂದು ರಾಜನ ಕೆನ್ನೆಗೆ ಹೊಡೆಯುತ್ತಾನೆ. ಕಿವಿ ಹಿಡಿದು ಎಳೆದು ಮಂಡಿಯೂರಿಸುತ್ತಾನೆ. ರಾಜ ಹೇಳಬೇಕು: ನಾಡುಗಳ ಒಡೆಯನೇ, ನಾನು ಪಾಪ ಮಾಡಿಲ್ಲ. ನಿನ್ನ ದೈವತ್ವವನ್ನು ಕಡೆಗಣಿಸಿಲ್ಲ. ಬ್ಯಾಬಿಲೋನನ್ನು ಹಾಳು ಮಾಡಿಲ್ಲ. ಎಸಗಿಲದ ವಿಧಿಗಳನ್ನು ಮರೆತಿಲ್ಲ. ಇಲ್ಲಿನ ಪ್ರಜೆಗಳ ಕೆನ್ನೆಗೆ ಹೊಡೆದಿಲ್ಲ.

ಪ್ರಜೆಗಳ ಕೆನ್ನೆಗೆ ಹೊಡೆದಿಲ್ಲ ಅನ್ನುವ ಮಾತನ್ನು, ಈಗಷ್ಟೇ ಕೆನ್ನೆಗೆ ಏಟು ತಿಂದವನು ಹೇಳುತ್ತಿದ್ದಾನೆ. ನಾನು ಓದಿದ ಹಳೆಯ ಆಚರಣೆಗಳಲ್ಲಿ ಇಷ್ಟು ನೇರವಾದದ್ದು ಬೇರೆ ಇಲ್ಲ. ಆಮೇಲೆ ಅರ್ಚಕ "ಹೆದರಬೇಡ" ಅನ್ನುತ್ತಾನೆ. ಬೇಲ್ ನಿನ್ನ ಪ್ರಾರ್ಥನೆ ಕೇಳಿದ್ದಾನೆ, ನಿನ್ನ ಅರಸೊತ್ತಿಗೆಯನ್ನು ದೊಡ್ಡದು ಮಾಡುತ್ತಾನೆ. ಕಿರೀಟ ವಾಪಸ್ಸು. ಮತ್ತೆ ಒಂದು ಏಟು. ಈ ಸಲ ರಾಜನ ಕಣ್ಣಲ್ಲಿ ನೀರು ಬಂದರೆ ಬೇಲ್ ಒಲಿದಿದ್ದಾನೆ. ಬರದಿದ್ದರೆ ಬೇಲ್ ಮುನಿದಿದ್ದಾನೆ, ಶತ್ರು ಏಳುತ್ತಾನೆ, ರಾಜ ಬೀಳುತ್ತಾನೆ. ರಾಜನೇ ಯಾಕೆ ಬರಬೇಕಿತ್ತು ಅನ್ನುವುದಕ್ಕೆ ಉತ್ತರ ಇಲ್ಲಿದೆ ಅಂತ ನನಗನಿಸುತ್ತದೆ. ಕಿರೀಟ ಕಳಚಬೇಕಾದರೆ ಅದು ತಲೆಯ ಮೇಲಿರಬೇಕು.

ಎಂಟನೇ ದಿನ ಸುತ್ತಲಿನ ಊರುಗಳಿಂದ ಬಂದ ದೇವರೆಲ್ಲ ಸೇರುತ್ತಾರೆ. ರಾಜ ಬೇಲ್ ಕೈ ಹಿಡಿದು ಹೊರಡಿಸುತ್ತಾನೆ. ಎರಡನೇ ನೆಬುಕದ್ನೆಜ್ಜರ್ ಕಟ್ಟಿಸಿದ ಮೆರವಣಿಗೆ ಬೀದಿ, ಎರಡೂ ಬದಿಗೆ ಮಿರುಗುವ ಇಟ್ಟಿಗೆಯ ಸಿಂಹಗಳು, ನೀಲಿ ಇಷ್ಟಾರ್ ಬಾಗಿಲು. ಆ ಬೀದಿಯ ಚಪ್ಪಡಿಗಳ ಪಕ್ಕೆಯಲ್ಲಿ, ಎರಡು ಕಲ್ಲು ಸೇರುವ ಕಡೆ ಕಾಣದಂತೆ, ಮಹಾಪ್ರಭು ಮರ್ದುಕನ ಮೆರವಣಿಗೆಗಾಗಿ ಈ ಬೀದಿ ಹಾಸಿದೆ ಅಂತ ಬರೆಸಿದ್ದಾನೆ. ಅಲ್ಲಿಂದ ದೋಣಿಯಲ್ಲಿ ಊರಾಚೆಯ ಅಕೀತು ಮನೆಗೆ. ಬೀದಿಯಲ್ಲಿ ನಿಂತವರು ದೇವರ ಮುಖವನ್ನೇ ನೋಡುತ್ತಿದ್ದರು. ಮುಖ ಕಪ್ಪಿಟ್ಟಿದ್ದರೆ ನಾಡಿಗೆ ಕತ್ತಲೆ, ಮುಖ ಹೊಳೆದರೆ ನಾಡಿಗೆ ಬೆಳಕು ಅಂತ ಶಕುನದ ಪಟ್ಟಿಗಳು ಹೇಳುತ್ತವೆ. ಹನ್ನೊಂದರಂದು ಬೇಲ್ ಮರಳಿ ಬರುತ್ತಿದ್ದ. ದೇವರ ಸಭೆ ಇನ್ನೊಮ್ಮೆ ಸೇರಿ ಆ ವರ್ಷದ ಹಣೆಬರಹ ನಿಶ್ಚಯವಾಗುತ್ತಿತ್ತು.

ವರ್ಷದ ಬೇರೆ ಕಾಲಕ್ಕೆ ಬೇರೆ ಆಚರಣೆಗಳಿದ್ದವು. ಬೇಸಿಗೆಯ ದುಊಜು ತಿಂಗಳಲ್ಲಿ ಕುರಿಗಾಹಿ ದೇವರು ದುಮುಜಿ ಸತ್ತನೆಂದು ಅಳುತ್ತಿದ್ದರು. ಹೀಬ್ರೂ ಪ್ರವಾದಿ ಎಜೆಕಿಯೇಲ ಜೆರುಸಲೇಮಿನ ದೇಗುಲದ ಬಾಗಿಲಲ್ಲೇ ತಮ್ಮೂಜನಿಗಾಗಿ, ಅಂದರೆ ಇದೇ ದುಮುಜಿಗಾಗಿ, ಅಳುವ ಹೆಂಗಸರನ್ನು ಕಂಡು ನೊಂದ. ಆ ದೇವರ ಹೆಸರೇ ಇವತ್ತಿಗೂ ಇರಾಕಿನಲ್ಲಿ ಜುಲೈ ತಿಂಗಳ ಹೆಸರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು. ಅದೇ ತಿಂಗಳು, ರಾತ್ರಿ ತೀರಾ ಗಿಡ್ಡವಾದಾಗ, ಎಸಗಿಲದ ಇಬ್ಬರು ಪುಟ್ಟ ದೇವಿಯರು ರಾತ್ರಿಯನ್ನು ಉದ್ದ ಮಾಡಲು ಬೋರ್ಸಿಪ್ಪದ ಎಜಿದಕ್ಕೆ ಹೋಗುತ್ತಾರೆ. ಎಜಿದ ರಾತ್ರಿಯ ಮನೆ. ಚಳಿಗಾಲದಲ್ಲಿ ಹಗಲು ಗಿಡ್ಡವಾದಾಗ ಎಜಿದದ ಇಬ್ಬರು ದೇವಿಯರು ಹಗಲನ್ನು ಉದ್ದ ಮಾಡಲು ಎಸಗಿಲಕ್ಕೆ ಬರುತ್ತಾರೆ. ಎಸಗಿಲ ಹಗಲಿನ ಮನೆ. ಈ ಜನ ಆಕಾಶವನ್ನು ಅಳೆಯುವುದರಲ್ಲಿ ಆ ಕಾಲದ ಪ್ರಪಂಚದಲ್ಲೇ ಮುಂದಿದ್ದವರು. ಹಗಲು ತಾನಾಗಿಯೇ ಉದ್ದವಾಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಆದರೂ ದೇವಿಯರನ್ನು ಕಳಿಸುತ್ತಿದ್ದರು. ಲೋಕ ತನ್ನಷ್ಟಕ್ಕೆ ನಡೆಯಲಿ ಅಂತ ಬಿಟ್ಟು ಕೂರುವುದು ಅವರ ಜಾಯಮಾನವಾಗಿರಲಿಲ್ಲ.

ದೇವರು ನಿಜವಾಗಿಯೂ ಹೋಗಿಬಿಟ್ಟ ಕಾಲವೂ ಇತ್ತು. ಕ್ರಿ.ಪೂ. 689ರಲ್ಲಿ ಅಸ್ಸೀರಿಯಾದ ಸೆನ್ನಾಖೆರಿಬ್ ಬ್ಯಾಬಿಲೋನನ್ನು ಕೆಡವಿದ. ಅಲ್ಲಿನ ಮಣ್ಣನ್ನು ಹೊತ್ತು ತಂದು ತನ್ನ ಅಸ್ಸೂರ್ ಪಟ್ಟಣದ ಅಕೀತು ಮನೆಯಲ್ಲಿ ರಾಶಿ ಹಾಕಿಸಿದ. ಇಪ್ಪತ್ತು ವರ್ಷ ಬೇಲ್ ಅಸ್ಸೂರಿನಲ್ಲಿದ್ದ, ಅಕೀತು ನಡೆಯಲಿಲ್ಲ ಅಂತ ಬ್ಯಾಬಿಲೋನಿನ ದಾಖಲೆ ಹೇಳುತ್ತದೆ. 668ರಲ್ಲಿ ಬೇಲ್ ಊರಿಗೆ ಮರಳಿದ. ಅದರ ನೂರಿಪ್ಪತ್ತೊಂಬತ್ತು ವರ್ಷಗಳ ಮೇಲೆ ಪರ್ಶಿಯಾದ ಸೈರಸ್ಸನ ಪಡೆ ಬಂದು ಎಸಗಿಲದ ಬಾಗಿಲುಗಳನ್ನು ಸುತ್ತುವರಿದಾಗ, ಲಿಪಿಕಾರರು ಮರೆಯದೆ ಬರೆದದ್ದು ಇದು: ಪೂಜೆ ನಿಲ್ಲಲಿಲ್ಲ, ಯಾವ ದಿನವೂ ತಪ್ಪಲಿಲ್ಲ. ರಾಜ್ಯ ಹೋಗಿತ್ತು. ಅವರು ನೋಡಿಕೊಂಡದ್ದು ತಿಥಿಯನ್ನು.

ರಾಜನ ಕೆನ್ನೆಗೆ ಹೊಡೆಯುವ ವಿಧಿ ಇರುವ ಫಲಕಗಳು ಇನ್ನೂ ಈಚಿನವು, ಅಲೆಕ್ಸಾಂಡರನ ನಂತರದ ಕಾಲದವು. ಅಂದರೆ ಸ್ವಂತ ರಾಜ ಇಲ್ಲವಾಗಿ ತಲೆಮಾರುಗಳೇ ಕಳೆದಿದ್ದವು. ಆದರೂ ರಾಜ ಏನು ಹೇಳಬೇಕು ಅನ್ನುವುದನ್ನು ಅರ್ಚಕರು ಅಕ್ಷರ ಬಿಡದೆ ನಕಲು ಮಾಡಿಟ್ಟರು. ಅದು ಬರೀ ಹಳೆಯದರ ನೆನಪು ಅಂತ ನಾನು ಒಪ್ಪುವುದಿಲ್ಲ. ಬರುವ ದೊರೆ ಯಾವ ನಾಡಿನವನೇ ಆಗಲಿ, "ಬ್ಯಾಬಿಲೋನನ್ನು ಹಾಳು ಮಾಡಿಲ್ಲ" ಅನ್ನುವ ಮಾತನ್ನು ಅವನ ಬಾಯಿಂದ ಹೇಳಿಸಬೇಕಿತ್ತು. ದೊರೆಗಳಲ್ಲಿ ಕೆಲವರು ಅವರ ದಾರಿಗೆ ಬಂದದ್ದೂ ಉಂಟು. ಮಾಸಿಡೋನಿಯಾ ಮೂಲದ ಮೊದಲನೇ ಆಂಟಿಯೋಕಸ್ ಸಿರಿಯಾದ ಕಡೆ ಇದ್ದಾಗ ಎಸಗಿಲ ಮತ್ತು ಎಜಿದಗಳಿಗಾಗಿ ಮೊದಲ ಇಟ್ಟಿಗೆಗಳನ್ನು ಎಣ್ಣೆ ಬೆರೆಸಿ ತನ್ನ ಕೈಯಾರೆ ಅಚ್ಚು ಹಾಕಿದನಂತೆ. ಅವುಗಳನ್ನು ಬ್ಯಾಬಿಲೋನಿಯಕ್ಕೆ ತಂದು, ಕ್ರಿ.ಪೂ. 268ರ ಅದ್ದಾರು ತಿಂಗಳ 20ರಂದು ಬೋರ್ಸಿಪ್ಪದ ಎಜಿದಕ್ಕೆ ಅಡಿಪಾಯ ಹಾಕಿದ ಅಂತ ಅವನ ಹೆಸರಿನ ಬೆಣೆಲಿಪಿ ಶಾಸನ ಹೇಳುತ್ತದೆ. ಅದ್ದಾರು ವರ್ಷದ ಕೊನೆಯ ತಿಂಗಳು. ನಿಸಾನು ಹುಟ್ಟಲು ಇನ್ನು ಹತ್ತೇ ದಿನ ಬಾಕಿಯಿತ್ತು.